ಬಿಟ್ಟು ಹೋಗುವವನ ಕೈಯ ಕಾಗದಗಳು

1975ನೆಯ ಇಸವಿಯ ಜೂನ್ ತಿಂಗಳಿನಲ್ಲಿ, ಬಿ.ಎಸ್ಸಿ. ತರಗತಿಯ ಮೊದಲ ವರ್ಷವನ್ನು ನಮ್ಮ ಜಿಲ್ಲೆಯ ಒಂದು ಕಾಲೇಜಿನಲ್ಲಿ ಮುಗಿಸಿ, ಉಳಿದ ವರ್ಷಗಳನ್ನು ಸೋದರಮಾವನ ಮನೆಯಲ್ಲಿದ್ದುಕೊಂಡು ಮೈಸೂರಿನಲ್ಲಿ ಓದಬೇಕೆಂಬ ಹಂಬಲದಿಂದ ನಮ್ಮೂರಾದ ಮಾಡದಕೆರೆಯನ್ನು ಬಿಟ್ಟು ಹೊರಟಾಗ, ನನ್ನ ಕೈಚೀಲದಲ್ಲಿ ಅಂಕಪಟ್ಟಿಗಿಂತ ಹೆಚ್ಚಿನ ಸ್ಥಳವನ್ನು ಆಕ್ರಮಿಸಿದ್ದುದು ಹದಿನಾಲ್ಕು ಪ್ರಶಸ್ತಿಪತ್ರಗಳ ಒಂದು ಕಟ್ಟು. ಚರ್ಚಾಸ್ಪರ್ಧೆ, ಪ್ರಬಂಧಸ್ಪರ್ಧೆ, ವಾಲಿಬಾಲ್, ಭಾವಗೀತೆ, ಕಡೆಗೆ ರಂಗೋಲಿಯ ಸ್ಪರ್ಧೆಗೆ ತೀರ್ಪುಗಾರರ ಸಹಾಯಕನಾಗಿದ್ದುದಕ್ಕೂ ಒಂದು ಪತ್ರ. ಅವ್ವ ಅವು ಮಳೆಗೆ ನೆನೆಯದಿರಲೆಂದು ತನ್ನ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ಕೊಟ್ಟಿದ್ದಳು.

ಚಿತ್ರದುರ್ಗದ ಕಾಲೇಜುಗಳು ಆಗ ಮೈಸೂರು ವಿಶ್ವವಿದ್ಯಾನಿಲಯಕ್ಕೇ ಸೇರಿದ್ದವು. ಕುವೆಂಪು ವಿಶ್ವವಿದ್ಯಾನಿಲಯವು ಹುಟ್ಟಿದುದು 1987ರಲ್ಲಿ. ಪಠ್ಯಕ್ರಮ ಒಂದೇ ಆದುದರಿಂದ ಕಾಲೇಜು ಬದಲಾವಣೆಗೆ ಬೇಕಾಗಿದ್ದುದು ಇಷ್ಟೆ: ಬಿಡುವ ಕಡೆಯ ನಿರಾಕ್ಷೇಪಣಾ ಪತ್ರ, ಟಿ.ಸಿ., ನಡತೆಯ ಪತ್ರ, ಸೇರುವ ಕಡೆ ಒಂದು ಖಾಲಿ ಸೀಟು. ಆ ಖಾಲಿ ಸೀಟಿಗೆ ನನ್ನಂತೆಯೇ ಅಂಕ ಪಡೆದ ಇನ್ನಿಬ್ಬರು ಕಾದಿದ್ದರು.

ಮೈಸೂರಿನ ಕಾಲೇಜಿನ ಪ್ರಾಂಶುಪಾಲರು ನನ್ನ ಕಟ್ಟನ್ನು ಬಿಚ್ಚಿ, ಹದಿನಾಲ್ಕು ಪತ್ರಗಳನ್ನೂ ಅವಸರವಿಲ್ಲದೆ ಒಂದೊಂದಾಗಿ ಮಗುಚಿ ನೋಡಿ, ಮತ್ತೆ ಆ ಸೀರೆಯ ತುಂಡಿನಲ್ಲಿಯೇ ಸುತ್ತಿಟ್ಟು ಕೇಳಿದರು: "ಇಷ್ಟೂ ಸರಿಯಪ್ಪಾ. ಇವುಗಳಲ್ಲಿ ಯಾವ ಕೆಲಸಕ್ಕೆ ನೀನು ಮಾರನೆಯ ದಿನವೂ ಹೋದೆ?"

ಆ ಪ್ರಶ್ನೆಗೆ ಉತ್ತರವಾಗಬಲ್ಲ ಕೆಲಸ ನನ್ನಲ್ಲಿ ಒಂದೇ ಇತ್ತು, ಅದಕ್ಕೆ ಪ್ರಶಸ್ತಿಪತ್ರವಿರಲಿಲ್ಲ. ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷವಾದ 1969ರ ಸೆಪ್ಟೆಂಬರ್ 24ರಂದು ದೇಶದಲ್ಲಿ ಆರಂಭವಾಗಿದ್ದ ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರವೊಂದು 1975ರ ಬೇಸಿಗೆಗೆ ಮುನ್ನ ನಮ್ಮ ಹೊಸದುರ್ಗ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಹತ್ತು ದಿನ ನಡೆದು, ಕೆರೆಗೆ ನೀರು ತರುವ ಕಾಲುವೆಯ ಹೂಳನ್ನು ನಾವು ಎತ್ತಿದ್ದೆವು. ಶಿಬಿರ ಮುಗಿದ ಮೇಲೂ ನಾನು ನಾಲ್ಕು ಭಾನುವಾರ ಅಲ್ಲಿಗೆ ಹೋಗಿದ್ದೆನು. ಹೂಳು ಎಲ್ಲಿಂದ ಬರುತ್ತದೆಂದು ಪ್ರಾಂಶುಪಾಲರು ಕೇಳಿದಾಗ, ಮೇಲಿನ ಹೊಲಗಳ ಬದುಗಳು ಒಡೆದು ಮಣ್ಣು ಜಾರುವುದರಿಂದ, ಬದುವನ್ನು ಕಟ್ಟದೆ ಕಾಲುವೆಯನ್ನಷ್ಟೇ ತೋಡಿದರೆ ಶ್ರಮ ವ್ಯರ್ಥವೆಂದು ಹೇಳಿದೆನು. ಅವರ ಮುಖ ಅರಳಿತು. ಆದರೆ ಅವರ ಮುಂದಿನ ಪ್ರಶ್ನೆ ಇನ್ನೂ ಆಳವಾದುದಾಗಿತ್ತು: "ನೀನು ಇಲ್ಲಿಗೆ ಬಂದುಬಿಟ್ಟರೆ ಆ ಕಾಲುವೆಯನ್ನು ನೋಡುವವರು ಯಾರು?"

ನಾನು ತಲೆ ತಗ್ಗಿಸಿದೆನು. ಯಾವ ಬದು ಎಲ್ಲಿ ಒಡೆದಿದೆ, ಯಾವ ರೈತನು ಕಟ್ಟಲು ಒಪ್ಪಿದ್ದಾನೆ ಎಂಬುದನ್ನೆಲ್ಲ ಬರೆದಿಟ್ಟ ನೋಟುಪುಸ್ತಕವು ಗೆಳೆಯರ ಕೈಯಲ್ಲಿರದೆ ಮಾಡದಕೆರೆಯ ನಮ್ಮ ಮನೆಯ ಟ್ರಂಕಿನಲ್ಲಿತ್ತು. ಸೀಟು ನನಗೇ ದೊರೆಯಿತು. ಅಪ್ಪನಿಗೆ ಬರೆದು ಪುಸ್ತಕವನ್ನು ಗೆಳೆಯನಿಗೆ ತಲಪಿಸುವಷ್ಟರಲ್ಲಿ ಮುಂಗಾರಿನ ಎರಡು ಹದಮಳೆಗೆ ಕಾಲುವೆಯು ಅರ್ಧ ಮುಚ್ಚಿಹೋಗಿತ್ತು. ಇಷ್ಟು ವರ್ಷಗಳ ಮೇಲೂ ಆ ಕೊರಗು ನನ್ನನ್ನು ಬಿಟ್ಟಿಲ್ಲ.

ಮುಂದೆ ನಾನೇ ಅಧ್ಯಾಪಕನಾಗಿ, ಸೇವಾ ಯೋಜನೆಯ ಅಧಿಕಾರಿಯಾಗಿ, ಕಾಲೇಜು ಬದಲಿಸುವ ಮಕ್ಕಳ ಕಾಗದಗಳನ್ನು ಬರೆಯುವ ಸ್ಥಾನಕ್ಕೆ ಬಂದಾಗ, ಆ ಎರಡು ಪ್ರಶ್ನೆಗಳೇ ನನಗೆ ಅಳತೆಗೋಲಾದುವು. ವರ್ಷಕ್ಕೆ 120 ಗಂಟೆಯಂತೆ ಎರಡು ವರ್ಷದಲ್ಲಿ 240 ಗಂಟೆಗಳ ಸೇವೆಯೆಂಬ ನಿಯಮವನ್ನು ಹಾಜರಿ ಪುಸ್ತಕದಲ್ಲಿ ತುಂಬಿಸುವುದು ಸುಲಭ. ಆ ಗಂಟೆಗಳಲ್ಲಿ ಹುಡುಗನು ಏನನ್ನು ಕಂಡನೆಂಬುದು ಮಾತ್ರ ಅವನ ಬಾಯಿಂದಲೇ ಬರಬೇಕು. ಮಕ್ಕಳಲ್ಲಿ ನಾನು ಮುಚ್ಚುಮರೆಯಿಲ್ಲದೆ ಹೇಳಿಬಿಡುತ್ತಿದ್ದೆನು: ಸಿ.ಇ.ಟಿ.ಯಲ್ಲಿ ಕ್ರೀಡೆಗೂ ಎನ್.ಸಿ.ಸಿ.ಗೂ ಮೀಸಲಾದ ಸೀಟುಗಳುಂಟು, ನಡುವೆ ಕಾಲೇಜು ಬದಲಿಸುವವರಿಗೆ ಅಂಥ ಆಸರೆಯನ್ನು ನೆಚ್ಚಬೇಡಿ. ಮೊದಲು ಖಾಲಿ ಸೀಟು, ಆಮೇಲೆ ಅಂಕ, ಅವೆರಡೂ ಸರಿಸಮವಾದಾಗಲಷ್ಟೇ ಉಳಿದುದು.

ಆ ಉಳಿದುದಕ್ಕೆ ಹೆಚ್ಚು ಬೆಲೆಯಿರುವ ದೇಶಗಳೂ ಉಂಟು. ಕ್ಯಾಲಿಫೋರ್ನಿಯಾದಲ್ಲಿರುವ ನನ್ನ ಅಣ್ಣನ ಮೊಮ್ಮಗನು ಅಲ್ಲಿನ ಕಮ್ಯೂನಿಟಿ ಕಾಲೇಜಿನಲ್ಲಿ ಎರಡು ವರ್ಷ ಓದಿ, ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾಕ್ಕೆ ಅರ್ಜಿ ಹಾಕುವಾಗ ಒಂದು ರಾತ್ರಿ ಫೋನಿನಲ್ಲಿ ಕಳವಳದಿಂದ ಮಾತನಾಡಿದನು. ಚಟುವಟಿಕೆ, ಪ್ರಶಸ್ತಿಗಳಿಗಾಗಿ ಆ ಅರ್ಜಿಯಲ್ಲಿ 20ರವರೆಗೆ ಬರೆಯಲು ಅವಕಾಶವಿದೆ; ಅಲ್ಲದೆ ತಲಾ 350 ಪದಗಳೊಳಗೆ ನಾಲ್ಕು ಉತ್ತರಗಳನ್ನು ಬರೆಯಬೇಕು. "ಅಜ್ಜ, ನನ್ನ ಹತ್ತಿರ ಬರೆಯೋದಕ್ಕೆ ಏನೂ ಇಲ್ಲ. ಸಂಜೆಯೆಲ್ಲ ಅಂಗಡೀಲಿ ಕೆಲಸ, ಆಮೇಲೆ ತಂಗಿಗೆ ಪಾಠ ಹೇಳಿಕೊಡೋದು, ಇಷ್ಟೇ" ಎಂದನು. ಆ ಅರ್ಜಿಯಲ್ಲಿ ಸಂಬಳದ ದುಡಿಮೆಗೂ ಪ್ರತ್ಯೇಕವಾದ ಸ್ಥಾನವಿದೆಯೆಂಬುದನ್ನು ಅವನು ಓದಿದ್ದರೂ, ಬಡತನದ ದುಡಿಮೆಯು ಸಾಧನೆಯಾಗಲಾರದೆಂದು ತಾನೇ ತೀರ್ಮಾನಿಸಿಕೊಂಡಿದ್ದನು. ನಾನು ಕೇಳಿದುದು ಆ ಹಳೆಯ ಪ್ರಶ್ನೆಗಳನ್ನೇ. ಮಾರನೆಯ ದಿನವೂ ಹೋದ ಕೆಲಸ ಅಂಗಡಿಯದು, ಎರಡು ವರ್ಷ. ಅವನ ಜಾಗಕ್ಕೆ ಬರುವವನಿಗೆ ಸರಕಿನ ಲೆಕ್ಕವನ್ನು ಕಲಿಸುತ್ತಲೂ ಇದ್ದನು. "ಹಾಗಾದರೆ ಅದನ್ನೇ ಬರಿ ಮಗು" ಎಂದೆನು.

ಮೊದಲ ಸಲ ಕಾಲೇಜು ಸೇರುವವನು ಮುಂದೆ ಏನಾಗಬಲ್ಲನೆಂಬ ಭರವಸೆಯನ್ನು ಮುಂದಿಡುತ್ತಾನೆ. ಬದಲಾವಣೆ ಬಯಸುವವನಾದರೋ, ಒಂದು ಜಾಗದಲ್ಲಿ ಈಗಾಗಲೇ ಬಾಳಿ, ಅದನ್ನು ತೊರೆಯುತ್ತಿರುವವನು. ಹಾಗಿರುವುದರಿಂದ ಅವನು ಅಲ್ಲಿ ಬೇರು ಬಿಟ್ಟಿದ್ದನೆ, ಬಿಡುವಾಗ ಏನನ್ನು ಯಾರಿಗೆ ಒಪ್ಪಿಸಿದನು ಎಂಬುದನ್ನು ತಿಳಿಯುವ ಹಕ್ಕು ಅವನನ್ನು ಸೇರಿಸಿಕೊಳ್ಳುವವರಿಗೆ ಉಂಟು. ಪಠ್ಯೇತರ ಚಟುವಟಿಕೆಯು ಅಂಕಪಟ್ಟಿಯು ನುಡಿಯಲಾರದ ಈ ಸಂಗತಿಯನ್ನು ನುಡಿಯಬಲ್ಲುದು, ನಾವು ಅದನ್ನು ಸಂಖ್ಯೆಯ ಕಟ್ಟಾಗಿಸದಿದ್ದರೆ.

ಇದನ್ನು ನನಗಿಂತ ಚೆನ್ನಾಗಿ ಅರಿತವಳು ನನ್ನ ಒಬ್ಬ ವಿದ್ಯಾರ್ಥಿನಿ. ನಮ್ಮ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ 1987ರಲ್ಲಿ ಶ್ರೀ ಶಿವಕುಮಾರ ಕಲಾಸಂಘವೂ, 1997ರಲ್ಲಿ ನಾಡನ್ನೆಲ್ಲ ಸುತ್ತುವ ಶಿವಸಂಚಾರವೂ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮಿಗಳಿಂದ ಆರಂಭವಾದ ಮೇಲೆ, ಸುತ್ತಣ ಹಳ್ಳಿಗಳ ಮಕ್ಕಳಿಗೆ ರಂಗಭೂಮಿಯು ದೂರದ ವಸ್ತುವಾಗಿ ಉಳಿಯಲಿಲ್ಲ. ಈ ಹುಡುಗಿಯು ಅಲ್ಲಿನ ನಾಟಕಗಳನ್ನು ನೋಡುತ್ತ ನೋಡುತ್ತ ಬೆಳಕಿನ ಕೆಲಸದಲ್ಲಿ ಮನಸ್ಸಿಟ್ಟು, ನಮ್ಮ ಕಾಲೇಜಿನ ನಾಟಕಕ್ಕೆ ಮೂರು ದೀಪಗಳಲ್ಲಿಯೇ ಇರುಳನ್ನೂ ಬೆಳಗನ್ನೂ ತಂದವಳು. ರಂಗದ ಮೇಲೆ ಒಮ್ಮೆಯೂ ಕಾಣಿಸಿಕೊಳ್ಳದ ಅವಳಿಗೆ ಯಾರೂ ಪ್ರಶಸ್ತಿ ಕೊಟ್ಟಿರಲಿಲ್ಲ. ತಂದೆಗೆ ದಾವಣಗೆರೆಗೆ ವರ್ಗವಾಗಿ ಅವಳು ಟಿ.ಸಿ. ಪಡೆಯಲು ಬಂದ ದಿನ, ನಾನು ಅವಳ ಪರವಾಗಿ ಪತ್ರವೊಂದನ್ನು ಬರೆದು ಮುಗಿಸಿ ತಲೆಯೆತ್ತಿದರೆ ಹುಡುಗಿ ಎದುರಿನಲ್ಲಿಲ್ಲ. ಹುಡುಕಿಕೊಂಡು ಹೋದೆನು. ಸಭಾಂಗಣದ ಹಿಂಭಾಗದಲ್ಲಿ, ಯಾವ ತಂತಿ ಯಾವ ದೀಪಕ್ಕೆಂದು ತಾನು ಚಿತ್ರ ಬರೆದಿದ್ದ ನೋಟುಪುಸ್ತಕವನ್ನು ನೆಲದ ಮೇಲೆ ಹರಡಿಕೊಂಡು, ಮೊದಲ ವರ್ಷದ ಒಬ್ಬ ಹುಡುಗನಿಗೆ ತೋರಿಸುತ್ತ ಕುಳಿತಿದ್ದಳು. "ಐದು ನಿಮಿಷ ಸಾರ್, ಇವನಿಗೆ ಇನ್ನೊಂದು ದೃಶ್ಯ ಹೇಳಿಕೊಡೋದು ಬಾಕಿ ಇದೆ" ಎಂದಳು. ನಾನು ಅಲ್ಲಿಯೇ ಒಂದು ಬೆಂಚಿನ ಮೇಲೆ ಕುಳಿತೆನು.