ಎದೆ ನೋಯದ ಹೃದಯರೋಗ: ಸಕ್ಕರೆ ಕಾಯಿಲೆಯವರ ಗಮನಕ್ಕೆ

ಎದೆ ಹಿಡಿದುಕೊಂಡು ಕುಸಿದರೆ ಮಾತ್ರ ಹೃದಯಾಘಾತ ಎಂದು ನಮ್ಮಲ್ಲಿ ಹಲವರು ತಿಳಿದಿದ್ದಾರೆ. ಸಕ್ಕರೆ ಕಾಯಿಲೆ ಇರುವವರಲ್ಲಿ ಅದು ಹಾಗೆಯೇ ಬರಬೇಕೆಂದಿಲ್ಲ. ರಕ್ತದಲ್ಲಿ ಸಕ್ಕರೆ ಬಹುಕಾಲ ಏರಿದ್ದರೆ ನರಗಳು ಕೆಡುತ್ತವೆ. ಪಾದದ ನರ ಕೆಟ್ಟವರಿಗೆ ಗದ್ದೆಯಲ್ಲಿ ಮುಳ್ಳು ಚುಚ್ಚಿದ್ದೂ ತಿಳಿಯುವುದಿಲ್ಲ. ಹೃದಯದ ನೋವನ್ನು ತಿಳಿಸುವ ನರಗಳ ಕಥೆಯೂ ಇಷ್ಟೇ. ಒಳಗೆ ರಕ್ತನಾಳ ಕಟ್ಟಿಕೊಳ್ಳುತ್ತಿದ್ದರೂ ಎದೆ ನೋಯದೆ ಇರಬಹುದು.

ಹಾಗಾದರೆ ಗುರುತು ಯಾವುದು? ಕಂಬಂ ಕಣಿವೆಯ ದ್ರಾಕ್ಷಿ ತೋಟದಲ್ಲಿ ದಿನವೂ ಹೊರುತ್ತಿದ್ದ ಬುಟ್ಟಿಗೇ ಈಗ ಏದುಸಿರು ಬರುವುದು, ಕಾರಣವಿಲ್ಲದೆ ತಣ್ಣನೆಯ ಬೆವರು, ವಾಕರಿಕೆ, ಹಿಂದೆಂದೂ ಕಾಣದ ಆಯಾಸ, ದವಡೆ ಅಥವಾ ತೋಳಿನಲ್ಲಿ ಸೆಳೆತ. ಇದನ್ನು ‘ವಾಯು’ ಎಂದು ಸೋಡಾ ಕುಡಿದು ಮಲಗುವುದು ಅಪಾಯ. ಸಕ್ಕರೆ ಇಳಿದಾಗಲೂ ಬೆವರುವುದುಂಟು ನಿಜ. ಎಚ್ಚರವಿದ್ದರೆ ಸಕ್ಕರೆ ನೀರು ಕೊಡಿ, ಆದರೆ ಅದಕ್ಕಾಗಿ ಕಾಯುತ್ತ ಕೂರದೆ 108ಕ್ಕೆ ಫೋನ್ ಮಾಡಿ.

ಇನ್ನು, ಯಾವ ತೊಂದರೆಯೂ ಇಲ್ಲದವರು ಹೃದಯದ ಸ್ಕ್ಯಾನ್ ಮಾಡಿಸಬೇಕೇ? ಎರಡನೇ ಬಗೆಯ ಸಕ್ಕರೆ ಕಾಯಿಲೆಯಿದ್ದು, ಹೃದಯದ ತೊಂದರೆ ಕಾಣದ 1,123 ಮಂದಿಯ ಮೇಲೆ ನಡೆದ ಒಂದು ಅಧ್ಯಯನದ ಫಲ 2009ರಲ್ಲಿ ಪ್ರಕಟವಾಯಿತು. ಅರ್ಧದಷ್ಟು ಜನರಿಗೆ ಸ್ಕ್ಯಾನ್ ಮಾಡಿದಾಗ ಐವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಯಲ್ಲಿ ಅಡಗಿದ ದೋಷ ಕಂಡಿತು. ಆದರೂ ಸುಮಾರು ಐದು ವರ್ಷಗಳಲ್ಲಿ ಹೃದಯಾಘಾತ ಅಥವಾ ಹೃದಯದಿಂದ ಸಾವು ಸ್ಕ್ಯಾನ್ ಆದವರಲ್ಲಿ ಶೇ. 2.7, ಆಗದವರಲ್ಲಿ ಶೇ. 3.0. ಹೇಳಿಕೊಳ್ಳುವ ವ್ಯತ್ಯಾಸವೇನೂ ಇಲ್ಲ. ಆದ್ದರಿಂದ ಒಡವೆ ಅಡವಿಟ್ಟು ‘ಪ್ಯಾಕೇಜ್’ ಪರೀಕ್ಷೆಗೆ ಓಡಬೇಡಿ. ಮೇಲೆ ಹೇಳಿದ ಗುರುತುಗಳಿದ್ದರೆ, ನಡೆದಾಗ ಮೀನಖಂಡ ಹಿಡಿದುಕೊಂಡರೆ, ಇಸಿಜಿಯಲ್ಲಿ ಬದಲಾವಣೆ ಕಂಡರೆ ಮಾತ್ರ ಮಾತು ಬೇರೆ. ಆಗ ಎಕೋ, ಟ್ರೆಡ್‌ಮಿಲ್ ಪರೀಕ್ಷೆಗಳನ್ನು ವೈದ್ಯರೇ ಬರೆದುಕೊಡುತ್ತಾರೆ. ಸುಮ್ಮನೆ ಮಲಗಿಸಿ ತೆಗೆದ ಇಸಿಜಿ ಸರಿಯಿದೆ ಎಂದ ಮಾತ್ರಕ್ಕೆ ಹೃದಯ ಸರಿಯಿದೆ ಎಂದಲ್ಲ.

ಎಲ್ಲರಿಗೂ ಬೇಕಾದದ್ದು ರಕ್ತದೊತ್ತಡ, ಕೊಲೆಸ್ಟರಾಲ್ ಮತ್ತು ಮೂತ್ರದ ಪರೀಕ್ಷೆ. ಬೀಡಿ ಬಿಡಲೇಬೇಕು. ನಲವತ್ತು ದಾಟಿದವರು ಕೊಲೆಸ್ಟರಾಲ್ ಮಾತ್ರೆಯ ಬಗ್ಗೆ ವೈದ್ಯರನ್ನು ಕೇಳಿ. ಆಸ್ಪಿರಿನ್ ಅನ್ನು ಮಾತ್ರ ತಾವಾಗಿಯೇ ಕೊಂಡು ದಿನವೂ ನುಂಗಬಾರದು. 2021ರಲ್ಲಿ ಆರಂಭವಾದ ‘ಮಕ್ಕಳೈ ತೇಡಿ ಮರುತ್ತುವಂ’ ಯೋಜನೆಯಲ್ಲಿ ಸಕ್ಕರೆ, ರಕ್ತದೊತ್ತಡದ ಮಾತ್ರೆಗಳು ಮನೆಗೇ ಬರುತ್ತವೆ. 2023ರ ‘ಇದಯಂ ಕಾಪ್ಪೋಂ’ ಯೋಜನೆಯಂತೆ, ಹೃದಯಾಘಾತದ ಗುರುತಿನೊಂದಿಗೆ ಬಂದವರಿಗೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಮೊದಲ ಮಾತ್ರೆಗಳನ್ನು ಕೊಟ್ಟು ದೊಡ್ಡ ಆಸ್ಪತ್ರೆಗೆ ಕಳುಹಿಸುತ್ತಾರೆ. ಸಕ್ಕರೆ ಕಾಯಿಲೆ ಇದೆ ಎಂಬುದನ್ನು ಅಲ್ಲಿ ಮೊದಲೇ ಹೇಳಿ.