ಏರ್ ಡೆಕ್ಕನ್: ತುಂಬಿದ ವಿಮಾನ, ಬೆಳೆದ ನಷ್ಟ
ಅಡಿಕೆಗೆ ದರ ಬಾರದಿದ್ದರೆ ವರ್ತಕನು ಗೋದಾಮಿನಲ್ಲಿಟ್ಟು ಕಾಯಬಲ್ಲನು. ಹಾರಿಹೋದ ವಿಮಾನದ ಖಾಲಿ ಆಸನಕ್ಕೆ ಗೋದಾಮಿಲ್ಲ. ಗೊರೂರಿನ ಕ್ಯಾಪ್ಟನ್ ಜಿ.ಆರ್. ಗೋಪಿನಾಥ್ ಅವರ ಏರ್ ಡೆಕ್ಕನ್ 2003ರ ಆಗಸ್ಟ್‌ನಲ್ಲಿ ಆರಂಭವಾದಾಗ, ರೈಲು ಪ್ರಯಾಣಿಕನನ್ನೇ ಗ್ರಾಹಕನೆಂದು ಬಗೆಯಿತು. ಚಿಕ್ಕ ಊರುಗಳಿಗೆ ಚಿಕ್ಕ ಎಟಿಆರ್ ವಿಮಾನ, ಉಚಿತ ಊಟವಿಲ್ಲ, ಅಂತರ್ಜಾಲದಲ್ಲಿ ಟಿಕೆಟ್. ಮುಂಗಡ ಕಾದಿರಿಸಿದವರಿಗೆ ಕೆಲವು ಆಸನಗಳು ಒಂದು ರೂಪಾಯಿಗೂ ದೊರೆತವು, ತೆರಿಗೆ ಬೇರೆ.

ಬೇಡಿಕೆಗೇನೂ ಕೊರತೆಯಿರಲಿಲ್ಲ. ಆದರೆ ಇಂಧನದ ಬೆಲೆ, ವಿಮಾನದ ಬಾಡಿಗೆ, ನಿಲ್ದಾಣದ ಶುಲ್ಕ ಇವಾವುವೂ ಕಂಪನಿಯ ಹಿಡಿತದಲ್ಲಿರಲಿಲ್ಲ. ವಿಮಾನಗಳು ಹೆಚ್ಚಿದಂತೆ ನಷ್ಟವೂ ಹೆಚ್ಚಿತು. 2006ರಲ್ಲಿ ಷೇರು ಮಾರಾಟ, 2007ರಲ್ಲಿ ಯುಬಿ ಸಮೂಹದ ಹೂಡಿಕೆ, 2008ರಲ್ಲಿ ಕಿಂಗ್‌ಫಿಷರ್‌ನೊಡನೆ ವಿಲೀನ. 2012ರಲ್ಲಿ ಆ ಸಂಸ್ಥೆಯ ಹಾರಾಟವೂ ನಿಂತಿತು. 2023ರ ಆಗಸ್ಟ್ 31ರಂದು ಶಿವಮೊಗ್ಗದ ಹೊಸ ನಿಲ್ದಾಣಕ್ಕೆ ಬಂದಿಳಿದ ಇಂಡಿಗೊ ವಿಮಾನವೂ ಎಟಿಆರ್ ಮಾದರಿಯದೇ.