ಹೊಲದ ಕತೆಗೆ ನಲವತ್ತು ಲೈಕ್

ಪ್ರಶ್ನೆ: ನಾನು ಮಸೂತಿಯವಳು, ಪದವಿ ಓದುತ್ತಿದ್ದೇನೆ. ಇನ್‌ಸ್ಟಾಗ್ರಾಂನಲ್ಲಿ ಹಾಕಿದ ವಿರಹದ ನಾಲ್ಕು ಸಾಲಿಗೆ ಸಾವಿರಾರು ಲೈಕ್ ಬಂದವು. ಆಮೇಲೆ ಕೂಡಗಿ ವಿದ್ಯುತ್ ಸ್ಥಾವರಕ್ಕೆ ಹೊಲ ಹೋದ ಮನೆಯ ಕತೆ ಬರೆದೆ, ನಲವತ್ತೂ ದಾಟಲಿಲ್ಲ. ಈಗ ಪೆನ್ನು ಹಿಡಿದರೆ ‘ಇದು ಓಡತೈತೇನು’ ಅನ್ನೋದೊಂದೇ ತಲ್ಯಾಗ. ರಾತ್ರಿ ಎದ್ದೆದ್ದು ಮೊಬೈಲ್ ನೋಡ್ತೀನಿ. ಬರೆಯೋದೇ ಬಿಡಲೇ?

ಉತ್ತರ: ಬಿಡಬೇಡಿ. ನಾಲ್ಕು ಸಾಲು ಓದಲು ಎರಡು ಕ್ಷಣ ಸಾಕು, ಬೆರಳು ಲೈಕ್ ಒತ್ತಿ ಮುಂದೆ ಸರಿಯುತ್ತದೆ. ಹೊಲ ಹೋದ ಮನೆಯ ಕತೆಗೆ ಓದುಗ ಹತ್ತು ನಿಮಿಷ ಕೂರಬೇಕು. ಜನ ಬೇಗ ಸ್ಪಂದಿಸಿದ್ದನ್ನೇ ಆ್ಯಪ್ ಇನ್ನಷ್ಟು ಜನರಿಗೆ ತೋರಿಸುವುದರಿಂದ ನಿಮ್ಮ ಕತೆ ಹೆಚ್ಚಿನವರ ಕಣ್ಣಿಗೇ ಬಿದ್ದಿರಲಾರದು. ಅದನ್ನು ಕತೆಯ ಸೋಲು ಎಂದು ಎಣಿಸಬೇಡಿ.

1973ರಲ್ಲಿ ಅಮೆರಿಕದ ಮನಃಶಾಸ್ತ್ರಜ್ಞ ಮಾರ್ಕ್ ಲೆಪ್ಪರ್ ಮತ್ತು ಸಂಗಡಿಗರು ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಚಿತ್ರ ಬರೆಯಲು ಆಸೆಯಿದ್ದ ಪುಟ್ಟ ಮಕ್ಕಳಲ್ಲಿ ಕೆಲವರಿಗೆ, ಬರೆದರೆ ಪ್ರಶಸ್ತಿಪತ್ರ ಕೊಡುತ್ತೇವೆಂದು ಮೊದಲೇ ಹೇಳಿದ್ದರು. ಕೆಲ ದಿನಗಳ ನಂತರ, ಬಿಡುವಿನ ವೇಳೆಯಲ್ಲಿ ಆ ಮಕ್ಕಳು ಚಿತ್ರ ಬರೆಯುವುದೇ ಕಡಿಮೆಯಾಗಿತ್ತು. ಮುಂಚೆ ಹೇಳದೆ, ಬರೆದಾದ ಮೇಲೆ ಪತ್ರ ಪಡೆದ ಮಕ್ಕಳ ಆಸೆ ಕುಗ್ಗಿರಲಿಲ್ಲ. ಮೆಚ್ಚುಗೆ ಕೆಟ್ಟದ್ದಲ್ಲ. ಅದನ್ನು ಎದುರಿಗಿಟ್ಟುಕೊಂಡು ಬರೆಯಲು ಕೂತಾಗ ಬರವಣಿಗೆಯ ಸುಖ ಸೋರಿಹೋಗುತ್ತದೆ. ನಿಮಗಾಗಿರುವುದು ಇದೇ.

ಓದುಗರು ಬೇಕೆಂಬ ಆಸೆಯನ್ನು ಅದುಮಬೇಡಿ. ನಿಮ್ಮದೇ ಜಿಲ್ಲೆಯ ಹಲಸಂಗಿಯನ್ನು ನೋಡಿ. ಆ ಊರಿನ ಗೆಳೆಯರಾದ ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ ಕೂಡಿ ಹಳ್ಳಿಯ ಹೆಣ್ಣುಮಕ್ಕಳ ಹಾಡು ಸಂಗ್ರಹಿಸಿದರು. 1931ರಲ್ಲಿ ‘ಗರತಿಯ ಹಾಡು’ ಅಚ್ಚಾಯಿತು. ಜನ ಓದಲೆಂದೇ ಅಚ್ಚು ಹಾಕಿಸಿದರು. ಆದರೆ ಅಲ್ಲಿ ಗೆಳೆಯರೇ ಗೆಳೆಯರಿಗೆ ಮೊದಲ ಓದುಗರು. ಬೀಸುಕಲ್ಲಿನ ಮುಂದೆ ತ್ರಿಪದಿ ಕಟ್ಟಿದ ತಾಯಂದಿರಿಗೂ ಕೇಳುವವರಿದ್ದರು: ಜೊತೆಗೆ ಬೀಸುವ ಓರಗಿತ್ತಿ, ನಾದಿನಿ. ನಿಮಗೆ ಕೊರತೆಯಾಗಿರುವುದು ಅಂಥ ಮೂರ್ನಾಲ್ಕು ಮಂದಿ. ಕಾಲೇಜಿನಲ್ಲಿ ಹುಡುಕಿ, ಕನ್ನಡ ಮೇಷ್ಟ್ರನ್ನು ಕೇಳಿ. ‘ಸೂಪರ್’ ಎಂದು ಸುಮ್ಮನಾಗುವವರು ಬೇಡ. ಈ ಸಾಲು ಸುಳ್ಳೆನಿಸುತ್ತದೆ ಎನ್ನುವವರು ಬೇಕು.

ಕತೆಯನ್ನು ವಹಿಯಲ್ಲಿ ಬರೆಯಿರಿ, ಆ ಹೊತ್ತು ಫೋನು ಬೇರೆ ಕೋಣೆಯಲ್ಲಿರಲಿ. ಬರೆದ ದಿನವೇ ಹಾಕಬೇಡಿ. ಲೈಕ್‌ಗಳ ಲೆಕ್ಕ ಮರೆಮಾಡುವ ಸೌಲಭ್ಯವನ್ನು ಇನ್‌ಸ್ಟಾಗ್ರಾಂ 2021ರಲ್ಲೇ ಕೊಟ್ಟಿದೆ, ಬಳಸಿ. ವಿರಹದ ಸಾಲು ಮನಸ್ಸಿನಿಂದ ಬಂದರೆ ಅದನ್ನೂ ಹಾಕಿ, ಅದೇನು ಕೀಳಲ್ಲ. ಆದರೆ ರಾತ್ರಿ ನಿದ್ದೆಗೆಡುವುದನ್ನು ನಾನು ಹಗುರಾಗಿ ತೆಗೆದುಕೊಳ್ಳಲಾರೆ. ಮಲಗುವಾಗ ಫೋನು ಅವ್ವನ ಕೈಗೆ ಕೊಡಿ. ಎರಡು ವಾರವಾದರೂ ನಿದ್ದೆ ಸರಿಹೋಗದಿದ್ದರೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಇನ್ನು ಆ ಹೊಲದ ಕತೆ. ನಲವತ್ತು ಮಂದಿಯಲ್ಲಿ ಹೊಲ ಕಳಕೊಂಡ ಮನೆಯವರು ಎಷ್ಟು ಜನರಿದ್ದರು? ಅಂಥ ಮನೆಯ ಹಿರಿಯರೊಬ್ಬರ ಮುಂದೆ ಕೂತು ಕತೆಯನ್ನು ಗಟ್ಟಿಯಾಗಿ ಓದಿ. ತಪ್ಪಿದ ಕಡೆ ಅವರೇ ನಿಲ್ಲಿಸುತ್ತಾರೆ, ನಿಮಗೆ ಗೊತ್ತಿಲ್ಲದ್ದನ್ನೂ ಹೇಳುತ್ತಾರೆ. ತಿದ್ದಿ ಬರೆದು ‘ಮಯೂರ’ ಅಥವಾ ‘ಸುಧಾ’ ಪತ್ರಿಕೆಗೆ ಕಳಿಸಿ.